ಕ್ಯಾನಕ್ಕನ ಬೇಯದ ಕಾಳು

ಆಸ್ಪತ್ರೆಯ ರಿಜಿಸ್ಟರಿನಲ್ಲಿ ಆಕೆಗೆ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕೇಳಿಕೊಂಡು ಬಂದರೆ ಗೇಟಿನ ಕಾವಲುಗಾರನೂ ತಲೆ ಕೆರೆದುಕೊಳ್ಳುತ್ತಿದ್ದ. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರ ಬಾಯಲ್ಲೂ ಆಕೆ ಕ್ಯಾನಕ್ಕ. ವಾರಕ್ಕೆರಡು ಸಲ, ಬೆಳಗಿನ ಗೂಡ್ಸ್ ರೈಲು ಬರುವ ಹೊತ್ತಿಗೆ ತಳ್ಳುಗಾಡಿ ತಳ್ಳಿಕೊಂಡು ಸ್ಟೇಷನ್ನಿಗೆ ಹೋಗಿ, ಕೊನೆಯ ಡಬ್ಬಿಯಿಂದ ಎರಡು ದೊಡ್ಡ ಹಾಲಿನ ಕ್ಯಾನು ಇಳಿಸಿಕೊಂಡು ಬರುವುದು ಆಕೆಯ ರೂಢಿ. ಕ್ಯಾನಿನಲ್ಲಿ ಇರುತ್ತಿದ್ದದ್ದು ಹಾಲಲ್ಲ, ನೀರು. ತೊಂಬತ್ತು ಮೈಲಿ ಕೆಳಗಿನ ತವರೂರಿನ ಹೊಳೆಯ ನೀರು.

ಹಾಗಂತ ಈ ಊರಿನಲ್ಲಿ ನೀರಿಗೆ ಬರವೇನೂ ಇರಲಿಲ್ಲ. ಆಸ್ಪತ್ರೆಯ ಹಿತ್ತಲಲ್ಲೇ ಕೊಳವೆಬಾವಿಯಿತ್ತು. ನಲ್ಲಿ ತಿರುಗಿಸಿದರೆ ಧೋ ಎಂದು ಸುರಿಯುತ್ತಿತ್ತು. ಆದರೆ ಅದು ಕಲ್ಲುಬಂಡೆಗಳ ಊರು, ನೀರು ಬರುವುದು ಬಂಡೆಯ ಸಂದಿಯಿಂದ. ಕುಡಿದರೆ ನಾಲಗೆಯ ಮೇಲೆ ಸೀಮೆಸುಣ್ಣ ಎಳೆದಂತೆ. ಸೋಪು ಹಚ್ಚಿದರೆ ನೊರೆ ಬಾರದು, ಪಾತ್ರೆಯ ತಳಕ್ಕೆ ಬಿಳಿ ಕರೆ ಕಟ್ಟುವುದು ತಪ್ಪದು. ಆ ನೀರಿನಲ್ಲಿ ಇಡೀ ಕಾಳು ಹಾಕಿ ಬೆಳಗಿನಿಂದ ಸಂಜೆಯವರೆಗೆ ಕುದಿಸಿದರೂ ನಡುವೆ ಒಂದು ಗಟ್ಟಿ ಗುಂಡು ಉಳಿದೇ ಉಳಿಯುತ್ತದೆ. ಕ್ಯಾನಕ್ಕನ ಪ್ರಕಾರ ಅದು ನೀರಿನ ತಪ್ಪು, ಊರಿನ ತಪ್ಪು. ಕಾಳಿನ ತಪ್ಪಂತೂ ಅಲ್ಲ, ತನ್ನ ತಪ್ಪಾಗುವ ಮಾತೇ ಇಲ್ಲ.

ಆ ಹಟಕ್ಕೆ ಒಂದು ಕಾರಣವಿತ್ತು. ಹೊಳೆ ಸಮುದ್ರ ಸೇರುವ ಜಾಗಕ್ಕೆ ತುಸು ಮೇಲೆ, ಉಪ್ಪುನೀರು ಮುಟ್ಟದ ಕಡೆ, ದೋಣಿಗಳು ಬಂದು ನಿಲ್ಲುವ ಕಟ್ಟೆಯ ಪಕ್ಕ, ಆಕೆಯ ಅಪ್ಪನದೊಂದು ಊಟದ ಅಂಗಡಿಯಿತ್ತು. ಮೂರು ಬೆಂಚು, ಒಂದು ಒಲೆ, ಒಲೆಯ ಮೇಲೆ ಮನುಷ್ಯ ಇಳಿದು ಕೂರುವಷ್ಟು ದೊಡ್ಡ ಹಂಡೆ. ಆ ಹಂಡೆಯಲ್ಲಿ ಐವತ್ತು ವರ್ಷ ಅವನು ಮಾಡಿದ್ದು ಒಂದೇ ಸಾರು, ಕೆಂಪು ಕಾಳಿನ ಸಾರು. ಕಾಳು ದುಂಡಗಿರಬೇಕು, ಸಿಪ್ಪೆ ಬಿರಿಯಬಾರದು, ನಾಲಗೆಯಿಂದ ಅಂಗುಳಕ್ಕೆ ಒತ್ತಿದರೆ ಮಾತ್ರ ಬೆಣ್ಣೆಯಾಗಬೇಕು. ಅರೆದು, ಪುಡಿ ಮಾಡಿ ಸಾರು ಕಾಯಿಸುವವರನ್ನು ಕಂಡರೆ ಅವನಿಗೆ ಆಗಿಬರುತ್ತಿರಲಿಲ್ಲ. "ಅರೆದು ಹಾಕೋನು ಏನನ್ನೋ ಬಚ್ಚಿಡ್ತಿದ್ದಾನೆ ಅಂತ ಅರ್ಥ. ಕಾಳು ಕಣ್ಣಿಗೆ ಕಾಣ್ಬೇಕು," ಎನ್ನುತ್ತಿದ್ದ.

ಅಂಗಡಿ ತಮ್ಮನ ಪಾಲಾಯಿತು. ಕೈ ಮಾತ್ರ ಮಗಳಿಗೆ ಬಂದಿದೆ ಎಂದು ಅಪ್ಪನೇ ಬೆಂಚಿನ ಮೇಲೆ ಕೂತ ಹತ್ತು ಜನರೆದುರು ಹೇಳಿದ್ದ. ಅಷ್ಟೇ ಆಸ್ತಿ. ಆ ಒಂದು ಮಾತನ್ನು ಗಂಟು ಕಟ್ಟಿಕೊಂಡು ಆಕೆ ರೈಲ್ವೆ ಗಾರ್ಡಿನ ಕೈ ಹಿಡಿದು ಬೆಟ್ಟದ ಮೇಲಿನ ಈ ಊರಿಗೆ ಬಂದದ್ದು, ಆಸ್ಪತ್ರೆಯ ಅಡುಗೆಮನೆ ಸೇರಿದ್ದು. ಗಾರ್ಡು ಸಂಭಾವಿತ ಮನುಷ್ಯ. ಹೆಂಡತಿಯ ಜೊತೆ ವಾದ ಮಾಡುವುದಕ್ಕಿಂತ ಎರಡು ಕ್ಯಾನು ನೀರು ತಂದುಹಾಕುವುದು ಸಲೀಸು ಎಂದು ಮದುವೆಯಾದ ಮೊದಲ ವರ್ಷವೇ ಕಂಡುಕೊಂಡಿದ್ದ. ಹೀಗೆ ಹನ್ನೊಂದು ವರ್ಷ ಮಂಗಳವಾರ ಒಂದು ಸಲ, ಶುಕ್ರವಾರ ಒಂದು ಸಲ, ಹೊಳೆ ರೈಲು ಹತ್ತಿ ಬೆಟ್ಟಕ್ಕೆ ಬಂತು.

ಅಡುಗೆಮನೆ ಇದ್ದದ್ದು ಆಸ್ಪತ್ರೆಯ ಹಿಂಬದಿಗೆ, ಹೆಣದ ಕೋಣೆಗೂ ಬಟ್ಟೆ ಒಗೆಯುವ ಕೋಣೆಗೂ ನಡುವೆ. ಎರಡೂ ಕಡೆಯ ವಾಸನೆ ಒಳಗೆ ಬಾರದಂತೆ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ಮಸಿ ಹಿಡಿದ ಗೋಡೆ, ಮೂರು ದೊಡ್ಡ ಒಲೆ, ತರಕಾರಿ ಹೆಚ್ಚುವ ಕಲ್ಲಿನ ಮೇಜು, ಮೂಲೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿ. ಎಂಬತ್ತು ಹಾಸಿಗೆಯ ರೋಗಿಗಳಿಗೆ ಎರಡು ಹೊತ್ತಿನ ಊಟ ಅಲ್ಲಿಂದಲೇ ಹೋಗಬೇಕು. ತೊಟ್ಟಿಯ ಬಳಿ ಕೂತು ಪಾತ್ರೆ, ತಟ್ಟೆ ತೊಳೆಯುವುದಕ್ಕೆ ಒಬ್ಬಾಕೆ ಇದ್ದಳು. ಈ ಊರಿನವಳೇ, ಗಂಡ ಕಲ್ಲುಕ್ವಾರಿಯಲ್ಲಿ ಬೀಸುಕಲ್ಲು ಕೊರೆಯುವವನು. ಎಲ್ಲರೂ ಆಕೆಯನ್ನು ಪಾತ್ರೆಯಾಕೆ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ಕ್ಯಾನಕ್ಕ ಒಬ್ಬಳೇ ಹತ್ತು ಜನರಷ್ಟು ಮಾತಾಡುವುದರಿಂದ ಆ ಅಡುಗೆಮನೆಯಲ್ಲಿ ಮಾತಿಗೆ ಕೊರತೆಯೆಂದು ಯಾರಿಗೂ ಅನ್ನಿಸಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಪಾತ್ರೆಯಾಕೆ ಒಂದು ಸಣ್ಣ ಚೀಲ ತಂದು ಕಲ್ಲಿನ ಮೇಜಿನ ಮೇಲೆ ಇಟ್ಟಿದ್ದಳು. ಹುರಿದು ಒಡೆದ ಕಾಳಿನ ನುಚ್ಚು. "ಅಕ್ಕಾ, ನಮ್ಮ ಕಡೆ ಹೀಗೆ ಮಾಡ್ಕೋತೀವಿ," ಎಂದಷ್ಟೇ ಹೇಳಿದ್ದಳು. ಕ್ಯಾನಕ್ಕ ಚೀಲದೊಳಗೆ ಇಣುಕಿ ಮೂಗು ಮುರಿದಳು. "ಹಲ್ಲಿಲ್ಲದವರ ಅಡುಗೆ ನನ್ನ ಒಲೆ ಮೇಲೆ ಬೇಡ ಮಾರಾಯ್ತಿ. ತಗೊಂಡು ಹೋಗು." ಪಾತ್ರೆಯಾಕೆ ಚೀಲ ತೆಗೆದುಕೊಂಡು ಹೋದಳು. ಆಮೇಲೆ ಅಡುಗೆಯ ವಿಷಯಕ್ಕೆ ಹನ್ನೊಂದು ವರ್ಷ ತುಟಿ ಬಿಚ್ಚಲಿಲ್ಲ.

ಹನ್ನೊಂದನೆಯ ವರ್ಷ, ಬಿಸಿಲು ಏರುತ್ತಿದ್ದ ತಿಂಗಳಲ್ಲಿ, ರೈಲು ಸೇತುವೆಯ ಒಂದು ಕಂಬ ಬಿರುಕು ಬಿಟ್ಟಿತು. ರೈಲು ನಿಂತಿತು. ಗಾರ್ಡು ಕೆಳಗಿನ ಊರಿನಲ್ಲೇ ಸಿಕ್ಕಿಹಾಕಿಕೊಂಡ. ಎರಡು ತಿಂಗಳಾದರೂ ಬೇಕು ರಿಪೇರಿಗೆ ಎಂದರು ಸ್ಟೇಷನ್ನಿನವರು. ಕ್ಯಾನಕ್ಕ ಖಾಲಿ ತಳ್ಳುಗಾಡಿ ತಳ್ಳಿಕೊಂಡು ವಾಪಸಾದಳು, ದಾರಿಯುದ್ದಕ್ಕೂ ಸೇತುವೆ ಕಟ್ಟಿದ ಇಂಜಿನಿಯರಿನ ವಂಶವನ್ನೆಲ್ಲ ವಿಚಾರಿಸಿಕೊಂಡಳು. ಬಾಟಲಿಯಲ್ಲಿ ನೀರು ತುಂಬಿ ಮಾರುವ ಕಾಲ ಇನ್ನೂ ಬಂದಿರಲಿಲ್ಲ. ಆ ವಾರ ಮಂಗಳವಾರ, ಶುಕ್ರವಾರ ಎರಡೂ ದಿನ ಕಾಳಿನ ಬದಲು ತರಕಾರಿ ಬೇಯಿಸಿ ಹಾಕಿದಳು. ರೋಗಿಗಳು ಯಾರೂ ತಕರಾರು ಮಾಡಲಿಲ್ಲ, ಅದರಿಂದ ಆಕೆಗೆ ಸ್ವಲ್ಪ ಬೇಸರವೇ ಆಯಿತು.

ಅದರ ಮರುವಾರ, ಭಾನುವಾರ ಮಧ್ಯಾಹ್ನ, ಒಂದು ಜೀಪು ಆಸ್ಪತ್ರೆಯ ಮುಂದೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಹಲಗೆಯ ಮೇಲೆ ಕಟ್ಟಿ ಮಲಗಿಸಿದ್ದವನು ಆಕೆಯ ಅಪ್ಪ. ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದಿತ್ತು. ಅಕ್ಕ ಇರುವ ಆಸ್ಪತ್ರೆಯೇ ವಾಸಿ ಎಂದು ಬೆಟ್ಟದ ರಸ್ತೆಯಲ್ಲಿ ಎಂಟು ಗಂಟೆ ಕುಲುಕಿಸಿಕೊಂಡು ತಮ್ಮ ಕರೆತಂದಿದ್ದ. ಕ್ಯಾನಕ್ಕ ಅಪ್ಪನ ಕೈ ಹಿಡಿದುಕೊಂಡಳು. ಆ ಕೈ ಯಾವತ್ತೂ ಬೆಚ್ಚಗಿರುವ ಕೈ, ಅವತ್ತು ತಣ್ಣಗಿತ್ತು.

ಎರಡು ದಿನ ಕಳೆದ ಮೇಲೆ ದೊಡ್ಡ ಡಾಕ್ಟರು ಆಕೆಯನ್ನು ಕರೆಸಿದರು.

"ಕ್ಯಾನಕ್ಕ, ಮೂಳೆ ಸರ್ಜನ್ನು ತಿಂಗಳಿಗೆ ಒಂದೇ ಸಲ ಬರೋದು. ಮುಂದಿನ ವಾರ ಗುರುವಾರ ಬರ್ತಾರೆ. ಕೀಲಿಗೆ ಕಂಬಿ ಹಾಕಿದ್ರೆ ನಿಮ್ಮಪ್ಪ ಎದ್ದು ಕೂರ್ತಾರೆ, ನಡೀತಾರೆ ಕೂಡ. ಆದರೆ ಅವರು ಏನೂ ತಿಂತಾ ಇಲ್ಲ."

"ತಿಂತಾರೆ ಡಾಕ್ಟ್ರೇ. ಸ್ವಲ್ಪ ಹಟ."

"ಹಟ ಅಲ್ಲ, ಉಪವಾಸ. ಬರೀ ಗಂಜಿತಿಳಿ ಕುಡ್ಕೊಂಡಿದ್ದಾರೆ. ಈ ವಯಸ್ಸಲ್ಲಿ, ಇಷ್ಟು ನಿಶ್ಶಕ್ತಿಯಲ್ಲಿ, ನಾನು ಅವರನ್ನ ಟೇಬಲ್ ಮೇಲೆ ಮಲಗಿಸೋಕೆ ಬಿಡಲ್ಲ. ಈ ಸಲ ತಪ್ಪಿದ್ರೆ ಇನ್ನೊಂದು ತಿಂಗಳು ಮಲಗಿದಲ್ಲೇ ಇರ್ಬೇಕು. ಅಷ್ಟು ದಿನ ಮಲಗಿದ ಮುದುಕರು ಮತ್ತೆ ಏಳೋದು ನಾನು ನೋಡಿಲ್ಲ."

ಅಪ್ಪ ಬೇರೆಯವರ ಕೈ ಅಡುಗೆ ಮುಟ್ಟುವವನಲ್ಲ. ಮನೆಯಿಂದ ತಮ್ಮ ಕಟ್ಟಿ ತಂದಿದ್ದ ರೊಟ್ಟಿ ಮುಗಿದಿತ್ತು. ಅಂಗಡಿ ನೋಡಿಕೊಳ್ಳಲು ತಮ್ಮ ವಾಪಸು ಹೋಗಿದ್ದ. ತಟ್ಟೆ ತಂದಿಟ್ಟರೆ ಅಪ್ಪ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ. "ನನ್ನ ಕಾಳು ಮಾಡ್ಕೊಂಡು ಬಾ," ಎನ್ನುವುದೊಂದೇ ಮಾತು. ಅವನ ಪಾಲಿಗೆ ಊಟ ಎಂದರೆ ಅದೊಂದೇ. ಬೇರೆಯದೆಲ್ಲ ಹೊಟ್ಟೆ ತುಂಬಿಸುವ ಸಾಮಾನು.

"ಮಾಡ್ತೀನಿ," ಎಂದಳು ಕ್ಯಾನಕ್ಕ. ಆಕೆ ಒಮ್ಮೆ ಮಾಡ್ತೀನಿ ಎಂದರೆ ಮುಗಿಯಿತು.

ಆ ರಾತ್ರಿಯೇ ನಲ್ಲಿ ನೀರನ್ನು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಅದರಲ್ಲಿ ಕಾಳು ನೆನೆಹಾಕಿ, ಬುಧವಾರ ಬೆಳಗಿನಿಂದ ಬೇಯಿಸಿದಳು. ಸಂಜೆ ಬಟ್ಟಲು ಹಿಡಿದು ಹೋದಳು. ಅಪ್ಪ ಒಂದು ಕಾಳು ಬಾಯಿಗೆ ಹಾಕಿ, ಅಂಗುಳಕ್ಕೊತ್ತಿ, ಮೆಲ್ಲಗೆ ಅಂಗೈಗೆ ಉಗುಳಿದ. "ಬೆಂದಿಲ್ಲ," ಎಂದ. ಬೈಯಲಿಲ್ಲ. ಬೈದಿದ್ದರೆ ಆಕೆಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗುರುವಾರ ಮನೆಯ ಕುಕ್ಕರು ತಂದು ಹದಿನಾಲ್ಕು ಸೀಟಿ ಹೊಡೆಸಿದಳು. ಪಕ್ಕದ ಬಟ್ಟೆ ಒಗೆಯುವ ಕೋಣೆಯವರು ರೈಲು ಬಂತೇನೋ ಎಂದು ಹೊರಗೆ ಬಂದು ನೋಡಿದರು. ಮುಚ್ಚಳ ತೆಗೆದರೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ. ಅಪ್ಪ ಬಟ್ಟಲಿನೊಳಗೆ ನೋಡಿದ, ಬಾಯಿಗೂ ಹಾಕಲಿಲ್ಲ. ಶುಕ್ರವಾರ ಅಡುಗೆಸೋಡ ಹಾಕಿದಳು. ಕಾಳೇನೋ ಮೆತ್ತಗಾಯಿತು, ಮೆತ್ತಗಾಗಿ ಲೋಳೆಯಾಯಿತು, ಬಣ್ಣ ಕೆಟ್ಟು ಕಪ್ಪಾಯಿತು. ಅಪ್ಪ ಒಂದು ಗುಟುಕು ಕುಡಿದು, "ಬಟ್ಟೆ ಒಗೆದ ನೀರು ತಂದಿದ್ದೀಯಾ?" ಎಂದ. ನಿಜ ಹೇಳಬೇಕೆಂದರೆ ವಾಸನೆ ಹಾಗೇ ಇತ್ತು.

ಆಕೆ ಸೋಲುವವಳಲ್ಲ. ಬುಧವಾರವೇ ಒಬ್ಬ ಲಾರಿ ಡ್ರೈವರನ ಕೈಕಾಲು ಹಿಡಿದು, ಕೆಳಗಿನಿಂದ ಬರುವಾಗ ಒಂದು ಕ್ಯಾನು ಹೊಳೆ ನೀರು ತರಲು ಒಪ್ಪಿಸಿದ್ದಳು. ಶನಿವಾರ ಬೆಳಿಗ್ಗೆ ಅವನು ಹೇಳಿದ ಮಾತಿಗೆ ತಪ್ಪದೆ ತಂದ. ಕ್ಯಾನಕ್ಕ ಹಿರಿಹಿರಿ ಹಿಗ್ಗಿ ಮುಚ್ಚಳ ತೆಗೆದಳು. ಒಳಗಿನಿಂದ ಡೀಸೆಲ್ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. "ಚೆನ್ನಾಗಿ ತೊಳೆದೇ ತುಂಬಿಸಿದ್ದು ಅಕ್ಕಾ," ಎಂದ ಡ್ರೈವರು, ಪಾಪ. ಆಕೆ ಕ್ಯಾನನ್ನು ಎತ್ತಿ ಚರಂಡಿಗೆ ಸುರಿದಳು. ತೊಂಬತ್ತು ಮೈಲಿ ಬಂದ ಹೊಳೆ ಆಸ್ಪತ್ರೆಯ ಚರಂಡಿಯಲ್ಲಿ ಬಣ್ಣಬಣ್ಣವಾಗಿ ಹರಿದುಹೋಯಿತು. ಆಗ ಮಾತ್ರ ಆಕೆ ಒಲೆಯ ಮುಂದೆ ಕುಕ್ಕರಿಸಿ ಅತ್ತಳು, ಸದ್ದಿಲ್ಲದೆ.

ತೊಟ್ಟಿಯ ಬಳಿ ತಟ್ಟೆ ತೊಳೆಯುವ ಸದ್ದು ನಿಂತಿತು. ಕ್ಯಾನಕ್ಕ ತಲೆಯೆತ್ತಿ ನೋಡಿದಳು. ಪಾತ್ರೆಯಾಕೆ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

ಕೇಳುವುದು ಕ್ಯಾನಕ್ಕನಿಗೆ ಬರುತ್ತಿರಲಿಲ್ಲ. ಹೇಳುವುದು ಬರುತ್ತಿತ್ತು, ಬೈಯುವುದು ಬರುತ್ತಿತ್ತು, ಕೊಡುವುದಂತೂ ಧಾರಾಳವಾಗಿ ಬರುತ್ತಿತ್ತು. ಗಂಟಲು ಸರಿಮಾಡಿಕೊಂಡಳು. ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಕಡೆಗೆ, "ನಿಮ್ಮ ಮನೇಲಿ ಕಾಳು ಹೇಗೆ ಮಾಡ್ತೀರಿ?" ಎಂದಳು. ಅಷ್ಟು ಹೇಳುವಷ್ಟರಲ್ಲಿ ಬೆವರಿದ್ದಳು.

"ಸಂಜೆ ಬನ್ನಿ ಅಕ್ಕಾ. ಹೇಳಿದ್ರೆ ಗೊತ್ತಾಗಲ್ಲ, ನೋಡ್ಬೇಕು."

ಪಾತ್ರೆಯಾಕೆಯ ಮನೆ ಕ್ವಾರಿಯ ಅಂಚಿನಲ್ಲಿ. ಗೋಡೆ ಕಲ್ಲು, ಚಾವಣಿ ಕಲ್ಲಿನ ಚಪ್ಪಡಿ, ಕೂರುವ ಕಟ್ಟೆ ಕಲ್ಲು. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಒಂದು ಹಿಡಿ ಸೌದೆ ಸಿಗುವಂಥ ಮರವಿಲ್ಲ. ಒಲೆ ಎಷ್ಟು ಚಿಕ್ಕದೆಂದರೆ ಕ್ಯಾನಕ್ಕ ಮೊದಲು ಅದನ್ನು ಮಕ್ಕಳ ಆಟದ ಒಲೆ ಅಂದುಕೊಂಡಳು. ಪಕ್ಕದಲ್ಲಿ ಒಣಗಿದ ಮುಳ್ಳುಕಡ್ಡಿಯ ಒಂದು ಸಣ್ಣ ಕಟ್ಟು ಇತ್ತು. ಮನೆಯ ನಡುವೆ ಮಾತ್ರ, ಮನೆಗಿಂತ ದೊಡ್ಡದೇನೋ ಎನ್ನುವ ಹಾಗೆ, ಒಂದು ಬೀಸುಕಲ್ಲು.

ಪಾತ್ರೆಯಾಕೆ ಬಾಣಲೆ ಇಟ್ಟು ನಾಲ್ಕು ಮುಳ್ಳುಕಡ್ಡಿ ಉರಿಸಿ ಕಾಳು ಹುರಿದಳು. ಘಮ ಬಂದ ಕ್ಷಣ ಇಳಿಸಿದಳು. ಆರಿದ ಮೇಲೆ ಬೀಸುಕಲ್ಲಿಗೆ ಹಾಕಿ ನುಚ್ಚು ಒಡೆದು, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಒಂದು ಗಂಟೆ ನೆನೆಸಿದಳು. ಆಮೇಲೆ ಕುದಿಯುವ ನೀರಿಗೆ ಸುರಿದು ಕೈ ಬಿಡದೆ ತಿರುವಿದಳು. ಹುಳಿ, ಉಪ್ಪು ಎಲ್ಲಕ್ಕಿಂತ ಕೊನೆಗೆ. "ಮೊದಲೇ ಹುಳಿ ಹಾಕಿದ್ರೆ ನುಚ್ಚೂ ಹಟ ಹಿಡಿಯುತ್ತೆ," ಎಂದಳು. ತಿರುವಲು ಶುರುಮಾಡಿ ಇಳಿಸುವಷ್ಟರಲ್ಲಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

ಕ್ಯಾನಕ್ಕ ಬಟ್ಟಲು ಕೈಗೆ ತೆಗೆದುಕೊಂಡಳು. ಒಂದು ಗುಟುಕು ಕುಡಿದಳು. ಸಾರು ಗಂಟಲಿನಲ್ಲಿ ನಯವಾಗಿ ಇಳಿಯಿತು. ಹುರಿದ ಕಾಳಿನ ಘಮ ಮೂಗಿನ ಹಿಂದೆ ನಿಂತಿತು. ಬಚ್ಚಿಟ್ಟದ್ದು ಏನೂ ಇರಲಿಲ್ಲ. ಇನ್ನೊಂದು ಗುಟುಕು ಕುಡಿದಳು. ಅವಳಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ನೀವು ಯಾಕೆ ಹೀಗೆ ಮಾಡೋದು?" ಎಂದಳು.

"ಇನ್ನು ಹೇಗೆ ಮಾಡ್ಲಿ? ಈ ನೀರಲ್ಲಿ ಇಡೀ ಕಾಳು ಬೇಯಲ್ಲ. ಬೇಯಿಸೋಣ ಅಂದ್ರೆ ಸೌದೆ ಎಲ್ಲಿದೆ? ಕಲ್ಲಿದೆ. ಕಲ್ಲಿಗೇನು ಬರ ಇಲ್ಲಿ? ನಮ್ಮತ್ತೆ ಹೇಳ್ತಿದ್ರು, ಬೆಂಕಿ ಮಾಡೋ ಕೆಲಸ ನಮ್ಮಲ್ಲಿ ಕಲ್ಲು ಮಾಡುತ್ತೆ ಅಂತ. ಆಮೇಲೆ ಕ್ವಾರಿಯವರಿಗೆ ಊಟಕ್ಕೆ ಬಿಡೋದು ಅರ್ಧ ಗಂಟೆ. ಬಾಯಿ ತುಂಬ ಕಲ್ಲಿನ ಧೂಳು. ಅಗಿಯೋಕೆ ಹೋದ್ರೆ ಹಲ್ಲಲ್ಲಿ ಕರಕರ ಅನ್ನುತ್ತೆ. ಬಿಸಿಯಾಗಿ, ತೆಳ್ಳಗೆ, ಸುಮ್ನೆ ಒಳಗಿಳಿಯೋ ಹಾಗಿರ್ಬೇಕು."

ಅಡುಗೆ ಪುಸ್ತಕ ಬರೆಯುವವರು ಪಾಕಪದ್ಧತಿ ಎಂಬ ಭಾರದ ಪದ ಬಳಸುತ್ತಾರೆ. ಯಾವುದೋ ಅರಮನೆಯ ಭಟ್ಟರು ಕೂತು ನಿಯಮ ಬರೆದಿಟ್ಟರೇನೋ ಎನ್ನುವ ಹಾಗೆ. ಕ್ಯಾನಕ್ಕನಿಗೆ ಆ ಪದ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಆ ಕಲ್ಲುಕಟ್ಟೆಯ ಮೇಲೆ ಕೂತಲ್ಲೇ ಅಪ್ಪನ ಅಂಗಡಿ ಕಣ್ಣಮುಂದೆ ಬಂತು. ಹೊಳೆಯ ಮೇಲೆ ತೇಲಿಬರುತ್ತಿದ್ದ ಮರದ ತುಂಡುಗಳು, ಪುಕ್ಕಟೆ ಸೌದೆ. ಮಳೆಯ ನೀರಿನಷ್ಟು ಮೆದುವಾದ ಹೊಳೆಯ ನೀರು. ದೋಣಿಯವರು ಗಡಿಯಾರ ನೋಡಿ ಬರುವವರಲ್ಲ, ಉಬ್ಬರ ಇಳಿತ ನೋಡಿ ಬರುವವರು. ಒಬ್ಬ ಬೆಳಿಗ್ಗೆ ಬಂದರೆ ಒಬ್ಬ ಮೂರು ಗಂಟೆಗೆ. ಅವರಿಗಾಗಿ ಹಂಡೆ ದಿನವಿಡೀ ಕೆಂಡದ ಮೇಲೆ ಕಾಯಬೇಕು. ನುಚ್ಚಿನ ಸಾರಾಗಿದ್ದರೆ ಅಷ್ಟು ಹೊತ್ತಿಗೆ ತಳ ಹಿಡಿದು ಅಂಟಾಗುತ್ತಿತ್ತು. ಇಡೀ ಕಾಳು ಮಾತ್ರ ಹಾಗೆ ಕಾಯಬಲ್ಲದು. ಅಪ್ಪ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಒಂದೊಂದು ನಿಯಮದ ಹಿಂದೆಯೂ ಆ ಊರಿನದೇ ಒಂದೊಂದು ಅನಿವಾರ್ಯವಿತ್ತು. ಈಕೆ ಆ ನಿಯಮವನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟುಕೊಂಡು ಬೆಟ್ಟ ಹತ್ತಿದ್ದಳು, ಊರನ್ನು ಅಲ್ಲೇ ಬಿಟ್ಟು. ನೀರನ್ನಾದರೂ ತರಿಸಿದಳು, ಹೌದು. ಆದರೆ ಉಣ್ಣುವವರನ್ನು ಎಲ್ಲಿಂದ ತರಿಸುವುದು?

"ನಮ್ಮ ವಾರ್ಡಿನವರು ನನ್ನ ಕಾಳು ಚೆನ್ನಾಗೇ ಉಣ್ತಿದ್ರಲ್ಲ," ಎಂದಳು, ಕೊನೆಯ ಆಸರೆ ಹಿಡಿಯುವವಳ ಹಾಗೆ.

ಪಾತ್ರೆಯಾಕೆ ಒಲೆಯ ಕಡ್ಡಿಯನ್ನು ಹಿಂದಕ್ಕೆಳೆದಳು. "ತಟ್ಟೆ ತೊಳೆಯೋಳು ನಾನಲ್ವಾ ಅಕ್ಕಾ," ಎಂದಳು. "ಸಾರು ಕುಡೀತಿದ್ರು. ಕಾಳು ವಾಪಸ್ ಬರ್ತಿತ್ತು. ಮನೆಯವರು ಡಬ್ಬಿಯಲ್ಲಿ ನುಚ್ಚಿನ ಸಾರು ತಂದು ಕುಡಿಸ್ತಿದ್ರು."

ಆ ಡಬ್ಬಿಗಳನ್ನು ಕ್ಯಾನಕ್ಕ ಪ್ರತಿ ಸಲವೂ ನೋಡಿದ್ದಳು. ಮನೆಯವರ ಪ್ರೀತಿ ಅಂದುಕೊಂಡಿದ್ದಳು. ಈಗ ಮುಖವೆಲ್ಲ ಬಿಸಿಯಾಯಿತು, ಕಿವಿಯ ತುದಿ ಉರಿಯಿತು. ಹನ್ನೊಂದು ವರ್ಷ.

"ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳ್ಲಿಲ್ಲ."

ಅದರಲ್ಲಿ ಕೊಂಕು ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಕ್ಯಾನಕ್ಕ ಬಟ್ಟಲು ಕೆಳಗಿಟ್ಟು, ಬೀಸುಕಲ್ಲಿನ ಮುಂದೆ ಹೋಗಿ ಕೂತಳು. "ತೋರಿಸು," ಎಂದಳು. ಬೀಸಿದಳು. ಮೊದಲು ಹಿಟ್ಟಾಯಿತು, ಆಮೇಲೆ ಬರೀ ಎರಡು ಹೋಳಾಯಿತು. ಪಾತ್ರೆಯಾಕೆಯ ಗಂಡ ಕೆಲಸ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು, ಆಸ್ಪತ್ರೆಯ ಅಡುಗೆಯಮ್ಮ ತನ್ನ ಕಲ್ಲಿನ ಜೊತೆ ಜಗಳವಾಡುವುದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. "ಒತ್ತಬೇಡಿ ಅಕ್ಕಾ. ಕಲ್ಲಿಗೇ ಭಾರ ಇದೆ. ನೀವು ತಿರುಗಿಸಿದ್ರೆ ಸಾಕು," ಎಂದ. ನಾಲ್ಕನೆಯ ಸಲಕ್ಕೆ ನುಚ್ಚು ಹದಕ್ಕೆ ಬಂತು. ಅಷ್ಟರಲ್ಲಿ ಆಕೆಯ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಪಾತ್ರೆಯಾಕೆ ತಾನು ಒಡೆದಿಟ್ಟಿದ್ದ ನುಚ್ಚು ಕೊಡಲು ಬಂದಳು, ಕ್ಯಾನಕ್ಕ ಬೇಡವೆಂದಳು. "ನನ್ನಪ್ಪನಿಗೆ ನಾನೇ ಒಡೀಬೇಕು."

ಭಾನುವಾರ ಮಧ್ಯಾಹ್ನ ಬಟ್ಟಲು ಹಿಡಿದು ಗಂಡಸರ ವಾರ್ಡಿಗೆ ಹೋದಳು. ಸರ್ಜನ್ನು ಬರಲು ನಾಲ್ಕೇ ದಿನ ಉಳಿದಿತ್ತು. ಅಪ್ಪನ ಕೆನ್ನೆ ಗುಳಿಬಿದ್ದಿತ್ತು. ಹೊದಿಕೆಯ ಕೆಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವಷ್ಟು ಬಡವಾಗಿದ್ದ. ದಾರಿಯಲ್ಲಿ ಒಂದು ಸುಳ್ಳು ಹೊಳೆದಿತ್ತು: ಕಾಳು ನಿನ್ನದೇ ಅಪ್ಪಾ, ನಿನಗೆ ಅಗಿಯೋಕೆ ಕಷ್ಟ ಅಂತ ಕಿವುಚಿದ್ದೀನಿ. ಅವನು ನಂಬಿಬಿಡಬಹುದಿತ್ತು. ಆದರೆ ಅಪ್ಪನ ಮುಖ ನೋಡಿದ ಮೇಲೆ ಆ ಸುಳ್ಳು ನಾಲಗೆಗೆ ಬರಲಿಲ್ಲ. ಐವತ್ತು ವರ್ಷ ಒಲೆಯ ಮುಂದೆ ನಿಂತವನಿಗೆ ಕಡೆಗಾಲದಲ್ಲಿ ಸುಳ್ಳು ಉಣ್ಣಿಸುವುದು ಆಕೆಯಿಂದಾಗದು.

ಅಪ್ಪ ಬಟ್ಟಲಿನೊಳಗೆ ನೋಡಿದ. "ಕಾಳೆಲ್ಲಿ?"

"ಒಡೆದಿದ್ದೀನಿ."

"ಅರೆದು ಹಾಕಿದ್ದೀಯಾ." ಗೋಡೆಯ ಕಡೆ ತಿರುಗಿದ.

"ತಿರುಗ್ಬೇಡ ಅಪ್ಪಾ. ಇಲ್ಲಿ ಕೇಳು." ಆಕೆ ಮಂಚದ ಆ ಬದಿಗೆ ಹೋಗಿ, ಗೋಡೆಗೂ ಮಂಚಕ್ಕೂ ನಡುವೆ ತೂರಿಕೊಂಡು ಅವನ ಮುಖದೆದುರೇ ನಿಂತಳು. "ಇದು ನಿನ್ನ ಕಾಳಲ್ಲ. ನಿನ್ನ ಕಾಳು ಇಲ್ಲಿ ಆಗಲ್ಲ. ಹನ್ನೊಂದು ವರ್ಷ ರೈಲಲ್ಲಿ ನೀರು ತರಿಸಿ ಆಗುತ್ತೆ ಅಂತ ತೋರಿಸೋಕೆ ಹೋದೆ, ಇಲ್ಲಿನವರು ಅದನ್ನ ತಟ್ಟೆಯಲ್ಲೇ ಬಿಟ್ಟಿದ್ದಾರೆ. ಇದು ಈ ಊರಿನ ಕಾಳು, ಈ ಊರಿನ ನೀರಲ್ಲಿ. ನಾನೇ ಬೀಸಿದ್ದು." ಅಂಗೈ ತೋರಿಸಿದಳು. "ನಿನಗೆ ಇಷ್ಟವಾಗದೆ ಹೋದ್ರೆ ಬೇಡ. ಆದರೆ ಬಾಯಿಗೆ ಹಾಕದೆ ಬೇಡ ಅನ್ನೋಕೆ ನಾನು ಬಿಡಲ್ಲ. ನಿನ್ನ ಅಂಗಡೀಲಿ ಹಾಗೆ ಅಂದವನನ್ನ ನೀನು ಎಬ್ಬಿಸಿ ಕಳಿಸ್ತಿದ್ದೆ."

ಪಕ್ಕದ ಮಂಚದ ಕ್ವಾರಿ ಕೆಲಸಗಾರ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅಪ್ಪ ಮಗಳ ಅಂಗೈಯ ಬೊಬ್ಬೆಯನ್ನು ತುಂಬ ಹೊತ್ತು ನೋಡಿದ. ಆಮೇಲೆ ಬಾಯಿ ತೆರೆದ. ಆಕೆ ಒಂದು ಚಮಚ ಹಾಕಿದಳು. ಅವನು ಅಭ್ಯಾಸಬಲದಿಂದ ನಾಲಗೆಯನ್ನು ಅಂಗುಳಕ್ಕೆ ಒತ್ತಿದ. ಒತ್ತಲು ಏನೂ ಇರಲಿಲ್ಲ, ಸಾರು ಇಳಿದುಹೋಗಿತ್ತು. ಹುಬ್ಬು ಗಂಟಿಕ್ಕಿತು. ಮತ್ತೆ ಬಾಯಿ ತೆರೆದ.

ಅರ್ಧ ಬಟ್ಟಲು ಮುಗಿದ ಮೇಲೆ ಕೇಳಿದ. "ಎಷ್ಟು ಹೊತ್ತು ಬೇಯಿಸಿದೆ?"

"ಇಪ್ಪತ್ತು ನಿಮಿಷ."

"ಇಪ್ಪತ್ತು ನಿಮಿಷ," ಎಂದ ಅಪ್ಪ. ಚಾವಣಿ ನೋಡಿದ. "ನಾನು ಬೆಳಗಾಗೋಕೆ ಮುಂಚೆ ಒಲೆ ಹಚ್ಚಿ ಮಧ್ಯಾಹ್ನದ ತನಕ ಅದರ ಮುಂದೆ ಕೂರ್ತಿದ್ದೆ. ನನ್ನ ಕೈ, ನನ್ನ ಕೈ ಅಂತ ಹೇಳ್ಕೊಂಡೆ. ಹೊಳೆ ಬೇಯಿಸ್ತಿತ್ತು, ನಾನು ಹೆಸರು ತಗೊಂಡೆ."

"ಹಾಗಲ್ಲ ಅಪ್ಪಾ. ಹೊಳೆ ಮುಂದೆ ಅಷ್ಟು ಹೊತ್ತು ಕೂರೋನು ಒಬ್ಬ ಬೇಕಿತ್ತಲ್ಲ."

ಅಪ್ಪ ಬಟ್ಟಲು ಖಾಲಿ ಮಾಡಿದ. ತುಟಿ ಒರೆಸಿಸಿಕೊಂಡು, ಹಳ್ಳಿಯ ಪಂಚರು ತೀರ್ಪು ಹೇಳುವ ಗತ್ತಿನಲ್ಲಿ, "ಉಪ್ಪು ಒಂದು ಚಿಟಿಕೆ ಜಾಸ್ತಿ," ಎಂದ. ಕ್ಯಾನಕ್ಕ ವರಾಂಡಕ್ಕೆ ಬಂದು ಗೋಡೆಗೊರಗಿ ನಿಂತಳು. ಅಪ್ಪ ತಪ್ಪು ಹುಡುಕಿದ್ದ. ತಿನ್ನಲಿಕ್ಕೆ ಮನಸ್ಸಿರುವವನು ಮಾತ್ರ ಹುಡುಕುವ ತಪ್ಪು ಅದು. ಆಕೆಗೆ ನಗು ಬರುತ್ತಿತ್ತು.

ಆಮೇಲಿನ ಮೂರು ದಿನ ದಿನಕ್ಕೆ ಮೂರು ಬಟ್ಟಲು. ಸೋಮವಾರ ಉಪ್ಪು ಸರಿಯಾಯಿತು, ನುಚ್ಚು ದಪ್ಪವಾಯಿತೆಂದ ಅಪ್ಪ. ಮಂಗಳವಾರ ಎಂಬತ್ತು ಹಾಸಿಗೆಗೂ ಅದೇ ಸಾರು ಹೋಯಿತು. ಪಾತ್ರೆಯಾಕೆಯ ಗಂಡ ತಳ್ಳುಗಾಡಿಯಲ್ಲಿ ತಂದಿಟ್ಟ ಬೀಸುಕಲ್ಲಿನ ಮುಂದೆ ಕ್ಯಾನಕ್ಕ ಕೂತಳು, ಒಲೆಯ ಮುಂದೆ ಪಾತ್ರೆಯಾಕೆ ನಿಂತಳು. ಆ ದಿನ ಅಪ್ಪ ಪಾತ್ರೆಯಾಕೆಯನ್ನು ಕರೆಸಿಕೊಂಡು ಕಾಳು ಹುರಿಯುವ ಹದದ ಬಗ್ಗೆ ಒಂದು ಗಂಟೆ ವಿಚಾರಣೆ ನಡೆಸಿದ. ಹನ್ನೊಂದು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಆಕೆ ಆ ಒಂದು ಗಂಟೆಯಲ್ಲಿ ಆಡಿದಳು. ಬುಧವಾರ ದೊಡ್ಡ ಡಾಕ್ಟರು ಬಂದು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಎಳೆದು ನೋಡಿ, ಕಾಗದದಲ್ಲಿ ಏನೋ ಬರೆದರು. "ನಾಳೆ ಮೊದಲನೇದು ಇವರದೇ," ಎಂದರು. "ಇವತ್ತು ಸಂಜೆ ಏಳರ ಮೇಲೆ ಏನೂ ಕೊಡ್ಬೇಡಿ ಕ್ಯಾನಕ್ಕ. ಒಂದು ಗುಟುಕು ನೀರೂ ಬೇಡ."

ಗುರುವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರು ವಾರ್ಡು ಸಿಬ್ಬಂದಿ ಗಾಲಿಮಂಚ ತಂದರು. ಅಪ್ಪನನ್ನು ಎತ್ತಿ ಮಲಗಿಸಿ, ಹಸಿರು ಬಟ್ಟೆ ಹೊದಿಸಿದರು. ಕ್ಯಾನಕ್ಕ ಪಕ್ಕದಲ್ಲಿ ನಡೆದಳು. ಗಾಲಿಯ ಕಿರ್ ಕಿರ್ ಸದ್ದು ಬಿಟ್ಟರೆ ವರಾಂಡದಲ್ಲಿ ಬೇರೆ ಸದ್ದಿರಲಿಲ್ಲ. ಆಪರೇಷನ್ ಕೋಣೆಯ ಬಾಗಿಲ ಬಳಿ ಸಿಬ್ಬಂದಿ ನಿಂತರು. ಇಲ್ಲಿಂದ ಮುಂದೆ ಆಕೆ ಹೋಗುವಂತಿಲ್ಲ. ಅಪ್ಪ ಹೊದಿಕೆಯ ಕೆಳಗಿನಿಂದ ಕೈ ಚಾಚಿ ಆಕೆಯ ಮಣಿಕಟ್ಟು ಹಿಡಿದುಕೊಂಡ. ಹಿಡಿತ ಗಟ್ಟಿಯಾಗಿತ್ತು, ಕೈ ಬೆಚ್ಚಗಿತ್ತು.

ಆಕೆ ಬಾಗಿ ಅವನ ಕಿವಿಯ ಹತ್ತಿರ ಬಾಯಿ ತಂದಳು. "ಹೆದರಿಕೆ ಆಗ್ತಿದೆಯಾ ಅಪ್ಪಾ?"

"ಹಸಿವಾಗ್ತಿದೆ ಕಣೇ," ಎಂದ ಅಪ್ಪ. "ಬೇಗ ಮುಗಿಸೋಕೆ ಹೇಳು ಅವರಿಗೆ."

ಬಾಗಿಲು ಮುಚ್ಚಿತು. ಕ್ಯಾನಕ್ಕ ಕಣ್ಣು ಒರೆಸಿಕೊಂಡು, ಅಡುಗೆಮನೆಗೆ ಹೋಗಿ ನುಚ್ಚು ನೆನೆಹಾಕಿದಳು.